ಶಿಡ್ಲಘಟ್ಟದಲ್ಲಿ ಕುದಿದ ಕಾರು

ಸಭಿಕರೇ, ಮಹನೀಯರೇ, ಮನೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿರುವ ಪೂಜ್ಯ ಅಕ್ಕನವರೇ,

ಶಿಡ್ಲಘಟ್ಟದ ಅಂಚಿಗೆ ಬರುವಷ್ಟರಲ್ಲಿ ನಾನು ಎರವಲು ತಂದ ನಿಮ್ಮ ಕಾರಿನ ವಾಟರ್ ಪಂಪು ಸೋರಿತು, ಮೀಟರಿನ ಮುಳ್ಳು ಏರಿತು, ಬಾನೆಟ್ಟಿನಿಂದ ಹಬೆ ಹಾರಿತು. ಗುರುತಿನವರು ಒಬ್ಬರೂ ಇಲ್ಲದ ಊರು. ತಣ್ಣೀರು ಸುರಿಯೋಣವೆಂದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಎದುರು ಮನೆಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಬಿಸ್ಮಿಲ್ಲಾ ಬೀ ಓಡಿಬಂದು ನನ್ನ ಮಣಿಕಟ್ಟು ಹಿಡಿದರು. ಅವರ ಬೆರಳ ತುದಿಗಳು ಬೆಂದು ಬೆಳ್ಳಗಾಗಿದ್ದವು.

“ಬಿಡಪ್ಪ ಅದನ್ನ. ತೆಗೆದ್ರೆ ಮುಖಕ್ಕೇ ಹಾರ್ತದೆ. ಮೂವತ್ತು ವರ್ಷದಿಂದ ಬಿಸಿನೀರಲ್ಲಿ ಕೈ ಇಟ್ಟಿದೀನಿ. ನಿಂದು ಚೆನ್ನಾಗೈತೆ, ಹಾಗೇ ಇಟ್ಕೋ.”

ಇಂಜಿನ್ ಆರುವವರೆಗೆ ನೆರಳಲ್ಲಿ ಕೂರಿಸಿ ಚಹಾ ಕೊಟ್ಟರು. ಅವರ ತಮ್ಮ, ಮೆಕ್ಯಾನಿಕ್ ಹಿದಾಯತುಲ್ಲಾ, ಸಂಜೆಯೊಳಗೆ ಹೊಸ ಪಂಪು ಹಾಕಿದರು. ಕಾರು ಕ್ಷೇಮ, ಕೈ ಕ್ಷೇಮ, ಮುಖ ಮೊದಲಿದ್ದಷ್ಟೇ ಚೆಂದ. ಆ ತಾಯಿಯ ಋಣ ದೊಡ್ಡದು, ಈ ಕಾರ್ಡು ಸಣ್ಣದು.

ಇತಿ ನಿಮ್ಮ ತಮ್ಮ, ಗಿರಿಧರ.

ಅಕ್ಕಾ, ಭಾಷಣ ಸಾಕು. ಹೊರಡುವ ದಿನ ಕಾರಿನ ಕೆಳಗೆ ಒದ್ದೆ ಯಾಕೋ ಎಂದು ನೀನು ಕೇಳಿದಾಗ ಎಸಿ ನೀರು ಅಂದೆನಲ್ಲ, ನಾನು ಬಗ್ಗಿ ನೋಡಿಯೇ ಇರಲಿಲ್ಲ ಕಣೇ.