ಹತ್ತರಲ್ಲಿ ಎಂಟು ನೋವು

ದೇವರಮನೆ ರಸ್ತೆ, ಮೂಡಿಗೆರೆ ತಾಲ್ಲೂಕು
೨೨-೨-೨೦೦೪

ಸೌಭಾಗ್ಯವತಿ ಗಿರಿಜಾಂಬೆಗೆ,

ನಿನ್ನ ಗಂಡ ರುದ್ರಪ್ಪ ಬರೆಯುವುದು. ಗಂಡನಾದವನು ಆಶೀರ್ವಾದ ಎಂದು ಬರೆಯಬೇಕಂತೆ. ನನ್ನನ್ನು ಉಳಿಸಿದವಳಿಗೆ ನಾನೆಂಥ ಆಶೀರ್ವಾದ ಮಾಡಲಿ? ನಮಸ್ಕಾರ ಎಂದೇ ಇಟ್ಟುಕೋ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಅಕ್ಷರ, ಅರ್ಥವಾಗದಿದ್ದರೆ ನಿನ್ನ ತಮ್ಮ ಓಂಕಾರಮೂರ್ತಿಯಿಂದ ಓದಿಸಬೇಡ. ನೀನೇ ಕಷ್ಟಪಟ್ಟು ಓದು.

ಹೊಲಿಗೆ ಬಿಚ್ಚಿದರು. ಊಟ ಸೇರುತ್ತಿದೆ. ನಿನ್ನೆ ತೋಟದ ಗೇಟಿನವರೆಗೂ ನಡೆದೆ. ಎಲ್ಲ ನಿನ್ನಿಂದ. ನನ್ನ ಬಾಯಿ ಸಾಕಾಗಿ ಕಳಸದ ತವರು ಸೇರಿದವಳು ನೀನು. ಮಂಗಳೂರಿನ ಆಸ್ಪತ್ರೆಯಲ್ಲಿ ನಿಮ್ಮ ಕಡೆಯವರು ಯಾರು ಎಂದು ಕೇಳಿದಾಗ ಯಾರೂ ಇಲ್ಲ ಎಂದುಬಿಟ್ಟಿದ್ದೆ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಕುಮಾರ್ ನನ್ನ ಮಾತು ಮೀರಿ ನಿನಗೆ ಫೋನ್ ಮಾಡಿದ. ಅವನಿಗೆ ಬೈಯಬೇಕೆಂದು ತಿರುಗಿದರೆ ಬಾಗಿಲಲ್ಲಿ ನೀನು, ಕೈಯಲ್ಲಿ ಫ್ಲಾಸ್ಕು.

ಪಿತ್ತಕೋಶದ ಆಪರೇಷನ್ನಿಗೆ ಹೊಸ ಉಪಕರಣ ಬಳಸಿ ಪರೀಕ್ಷೆ ಮಾಡುತ್ತೇವೆ, ಒಪ್ಪಿಗೆಯಾ ಎಂದು ಡಾಕ್ಟರ್ ನಿರಂಜನ ಕೇಳಿದಾಗ ನಾನು ರೇಗಿದೆನಲ್ಲ, ನನ್ನ ಹೊಟ್ಟೆಯೇನು ನಿಮ್ಮ ವರ್ಕ್‌ಶಾಪಾ ಅಂತ. ಪುಣ್ಯಾತ್ಮ ಕೋಪ ಮಾಡದೆ ಬಿಡಿಸಿ ಹೇಳಿದರು. ಹೊಟ್ಟೆ ಸೀಳದೆ ಸಣ್ಣ ತೂತುಗಳಿಂದಲೇ ಮಾಡುವ ಆಪರೇಷನ್ನಂತೆ. ಹಳೇ ಕ್ರಮದಲ್ಲಿ ಇನ್ನೊಂದು ತೂತು ಕೊರೆದು, ಲಿವರನ್ನು ಮೇಲಕ್ಕೆತ್ತಿ ಒಬ್ಬರು ಹಿಡಿದೇ ನಿಂತಿರಬೇಕು. ಹೊಸದು ಒಳಗೇ ಎತ್ತಿಹಿಡಿದು ನಿಲ್ಲುತ್ತದೆ. ತೂತು ಒಂದು ಕಡಿಮೆ, ಹಾಗಾಗಿ ನೋವೂ ಕಡಿಮೆಯೇ ಎಂದು ನೋಡಬೇಕು, ಅದಕ್ಕೇ ಪರೀಕ್ಷೆ. ಜಾರಿದರೆ ಏನು ಗತಿ ಸ್ವಾಮಿ ಎಂದು ನೀನು ಕೇಳಿದ್ದಕ್ಕೆ, ತಕ್ಷಣ ತೆಗೆದು ಹಳೇ ಕ್ರಮದಲ್ಲೇ ಮಾಡ್ತೀವಿ ಅಮ್ಮ ಅಂದರು.

ಆಮೇಲೆ ನೀನು ನನ್ನ ಕಡೆ ತಿರುಗಿದೆ. ರೀ, ರೋಬಸ್ಟಾ ಕಾಫಿ ಕೊಯ್ಯುವಾಗ ಎತ್ತರದ ಕೊಂಬೆ ಬಗ್ಗಿಸಿ ಹಗ್ಗ ಬುಡಕ್ಕೆ ಕಟ್ಟಲ್ವಾ, ಹಿಡ್ಕೊಳ್ಳೋಕೆ ಇನ್ನೊಂದಾಳು ಬೇಡ, ಇದೂ ಅಷ್ಟೇ, ಸುಮ್ನೆ ಒಪ್ಕೊಳ್ಳಿ ಅಂತ ಗದರಿದೆ. ಒಪ್ಪಿಕೊಂಡೆ. ಅದು ಜಾರಲಿಲ್ಲ, ಏನೂ ಆಗಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದು. ನರ್ಸಮ್ಮ ದಿನಾ ಬೆಳಿಗ್ಗೆ ಬಂದು, ಹತ್ತರಲ್ಲಿ ನೋವೆಷ್ಟು ಅಜ್ಜ ಎಂದು ಕೇಳುತ್ತಿದ್ದಳಲ್ಲ, ನಾನು ಎಂಟು ಎಂಟು ಎನ್ನುತ್ತಿದ್ದೆನಲ್ಲ, ಅದು ಸುಳ್ಳು.

ಹೊಲಿಗೆ ಬಿಚ್ಚಿಸಲು ಹೋದಾಗ ಅವಳೇ ಹೇಳಿದಳು. ನನ್ನೊಬ್ಬನ ನೋವಿಗೆ ಕಾರಣ ಸಿಗದೆ, ಡಾಕ್ಟರು ಆ ಉಪಕರಣವನ್ನು ಬೇರೆ ಯಾರಿಗೂ ಹಾಕದೆ ಎತ್ತಿಟ್ಟಿದ್ದಾರಂತೆ. ಸೀದಾ ಒಳಗೆ ಹೋಗಿ, ಸ್ವಾಮಿ, ನೋವಿದ್ದದ್ದು ಎರಡೋ ಮೂರೋ, ನಾನು ಹೇಳಿದ್ದೆಲ್ಲ ಸುಳ್ಳು ಎಂದೆ. ಅವರ ಮುಖ ಕೆಂಪಾಯಿತು. ನಿಮ್ಮ ಹೊಟ್ಟೆ ಒಳಗೆ ನಾನೇನೋ ತಪ್ಪು ಮಾಡಿದ್ದೀನಿ ಅಂತ ಊಟ ಬಿಟ್ಟು ಕೂತಿದ್ದೆ, ಯಾಕೆ ಮಾರಾಯ್ರೇ ಹೀಗೆ ಮಾಡಿದ್ರಿ ಎಂದು ಕೂಗಿದರು. ಈ ರುದ್ರಪ್ಪನ ಮೇಲೆ ಕೂಗಿದವರುಂಟಾ? ತಲೆ ತಗ್ಗಿಸಿ ನಿಂತೆ. ಯಾಕೆ ಎನ್ನುವುದಕ್ಕೆ ಮಾತ್ರ ಉತ್ತರ ಕೊಡಲಿಲ್ಲ.

ಕೊನೆಗೆ ನಕ್ಕು, ಈಗಲಾದ್ರೂ ಹೇಳಿದ್ರಲ್ಲ ಅಂದರು. ಪರೀಕ್ಷೆ ಮುಂದುವರಿಸುತ್ತಾರಂತೆ. ಇಷ್ಟು ಕೆಟ್ಟ ರೋಗಿಯ ಹೊಟ್ಟೆಯನ್ನು ಇಷ್ಟು ಚೆನ್ನಾಗಿ ಹೊಲಿದ ಕೈಗೆ ಕೈ ಮುಗಿದು ಬಂದೆ. ಇಲ್ಲಿ ಕೂತು ನಿನಗೂ ಕೈ ಮುಗಿಯುತ್ತಿದ್ದೇನೆ.

ಬೆನ್ನು ನೋಯುತ್ತದೆ, ಇಷ್ಟು ಸಾಕು.

ನಿನ್ನ
ರುದ್ರಪ್ಪ

ಮತ್ತೆ: ಡಾಕ್ಟರಿಗೆ ಕೊಡದ ಉತ್ತರ ನಿನಗೆ ಕೊಡಬೇಕು. ನೀನು ನರ್ಸಮ್ಮನಿಗೆ, ಇವರು ಎದ್ದು ಓಡಾಡಿದ ದಿನವೇ ನಾನು ಕಳಸದ ಬಸ್ಸು ಹತ್ತೋದು ಎಂದು ಹೇಳಿದ್ದು ನನಗೆ ಕೇಳಿಸಿತ್ತು. ನೋವು ಎರಡು ಎಂದಿದ್ದರೆ ನೀನು ಅವತ್ತೇ ಹೊರಡುತ್ತಿದ್ದೆ; ಎಂಟು ಎಂದದ್ದಕ್ಕೆ ಆಸ್ಪತ್ರೆಯಿಂದ ಬಿಡುವವರೆಗಾದರೂ ಉಳಿದೆ. ಬರುವ ಭಾನುವಾರ ನಾನೇ ಕಳಸಕ್ಕೆ ಬರುತ್ತೇನೆ. ನಮ್ಮ ಮನೆಗೆ ಬಾ ಎಂದು ಬಾಯಿಬಿಟ್ಟು ಕೇಳುತ್ತೇನೆ. ಬರುವುದಿಲ್ಲ ಅಂದರೂ ಬೈಯುವುದಿಲ್ಲ. ಒಂದು ಲೋಟ ಕಾಫಿ ಕೊಡು, ಕುಡಿದು ಸಂಜೆ ಬಸ್ಸಿಗೆ ವಾಪಸು ಬರುತ್ತೇನೆ.