ಲಿಫ್ಟಿನವನನ್ನು ಬಿಟ್ಟು ಬಂದದ್ದು

ನವೆಂಬರ್ ೧೨, ಭಾನುವಾರ

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ತಮ್ಮ, ಅವನ ಹೆಂಡತಿ, ಪುಟ್ಟಿ ಎಲ್ಲ ಆರೋಗ್ಯವಾಗಿದ್ದಾರೆ ಅಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ಬರೆಯದೆ ಇದ್ದದ್ದು ಕೊಬ್ಬಿನಿಂದಲ್ಲ. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದ್ದರು. ಎಡಗೈಯಲ್ಲಿ ಬರೆದು ನೋಡಿದೆ, ಕಾಗೆ ಕಾಲು ಗುಬ್ಬಿ ಕಾಲು ಆಯಿತು, ಹರಿದು ಹಾಕಿದೆ. ಆದರೆ ಪ್ಲಾಸ್ಟರ್ ಬಿಚ್ಚಿಯೂ ತಿಂಗಳಾಯಿತು. ಆ ಒಂದು ತಿಂಗಳಿಗೆ ಕೈಯನ್ನು ದೂರುವಂತಿಲ್ಲ.

ಅವನು ತಮ್ಮನಿಗೆ ಫೋನ್ ಮಾಡಿ ಅತ್ತನಂತೆ. "ಅಷ್ಟು ಒಳ್ಳೆ ಹುಡುಗನ್ನ ಯಾಕೆ ಬಿಟ್ಟೆ, ಸುತ್ತಿ ಬಳಸಿ ಬೇಡ, ಇದ್ದದ್ದು ಇದ್ದ ಹಾಗೆ ಬರಿ" ಅಂತ ಕೇಳಿದ್ದೀಯ. ಬರೆಯುತ್ತೇನೆ. ಪುಟ್ಟಿ ಎದುರಿಗೆ ಮಾತ್ರ ಗಟ್ಟಿಯಾಗಿ ಓದಿಸಬೇಡ.

ಅವನನ್ನು ನಾನು ಮೊದಲು ನೋಡಿದ್ದಲ್ಲ, ಕೇಳಿದ್ದು. ನಮ್ಮ ಕನ್ನಡಕದ ಅಂಗಡಿ ಇರುವುದು ನಾಲ್ಕನೇ ಮಹಡಿಯಲ್ಲಿ. ಒಂದು ದಿನ ಗಾಜುಗಳ ಟ್ರೇ ಹಿಡಿದು ಕೆಳಗೆ ಬರುವಾಗ ಲಿಫ್ಟ್ ನಡುವೆ ನಿಂತುಬಿಟ್ಟಿತು. ನಾನೊಬ್ಬಳೇ, ಕತ್ತಲೆ. ಅಷ್ಟರಲ್ಲಿ ಬಾಗಿಲಾಚೆಯಿಂದ ಒಂದು ದನಿ: "ಮೇಡಂ, ಹೆದರ್ಕೋಬೇಡಿ. ನೀವು ಹೊರಗೆ ಬರೋ ತನಕ ನಾನು ಎಲ್ಲಿಗೂ ಹೋಗಲ್ಲ." ನಲವತ್ತು ನಿಮಿಷ ಮಾತಾಡಿಸುತ್ತಾ ಇದ್ದ. ಲಿಫ್ಟ್ ರಿಪೇರಿಯವರಿಗೆ ಅದನ್ನೂ ಕಲಿಸುತ್ತಾರಂತೆ, ಒಳಗೆ ಸಿಕ್ಕಿಕೊಂಡವರ ಜೊತೆ ಮಾತು ನಿಲ್ಲಿಸಬಾರದು ಅಂತ. ನನಗದು ಗೊತ್ತಿರಲಿಲ್ಲ. ನನಗೋಸ್ಕರ ಮಾತಾಡ್ತಿದ್ದಾನೆ ಅಂದುಕೊಂಡೆ.

ನಾಲ್ಕನೇ ಸಲ ಭೇಟಿಯಾದಾಗ ನಾನೇ ಹೇಳಿದೆ, ಹುಟ್ಟಿದಾಗ ನನ್ನನ್ನು ಎಲ್ಲರೂ ಗಂಡು ಅಂದುಕೊಂಡಿದ್ದರು ಅಂತ. ಎದ್ದು ಹೋಗ್ತಾನೆ ಅಂತ ಚೀಲ ಕೈಗೆತ್ತಿಕೊಂಡೇ ಕೂತಿದ್ದೆ. ಅವನು "ಅದಕ್ಕೇನೀಗ?" ಅಂದು ಇನ್ನೊಂದು ಟೀ ಹೇಳಿದ. ಆಮೇಲೆ ಎರಡು ಕೋಣೆಯ ಮನೆ ಹಿಡಿದೆವು. ನಿಮ್ಮಲ್ಲಿಗೆ ಕರೆದುಕೊಂಡು ಬಂದಾಗ ನೆನಪಿದೆಯಾ, ಬಚ್ಚಲಿನ ಕೆಟ್ಟ ಸ್ವಿಚ್ಚು, ಹಿತ್ತಿಲ ಬಾಗಿಲಿನ ಚಿಲಕ ಎಲ್ಲ ಅರ್ಧ ದಿನದಲ್ಲಿ ಸರಿಮಾಡಿದ. "ಕೈಗುಣ ಚೆನ್ನಾಗಿದೆ" ಅಂದೆ ನೀನು. ಹೌದು. ಅದೇ ಕೈ.

ಒಂದು ವರ್ಷ ಒಂದು ಕೆಟ್ಟ ಮಾತಿಲ್ಲ. ಆಮೇಲೆ ಫೋನ್ ನೋಡಲು ಶುರು ಮಾಡಿದ. ಯಾರಿದು, ಯಾಕೆ ನಗ್ತಾ ಮಾತಾಡಿದೆ, ಅಂಗಡಿ ಆರಕ್ಕೆ ಮುಚ್ಚಿದರೆ ಆರೂವರೆಗೆ ಯಾಕೆ ಬಂದೆ. ಪ್ರೀತಿ ಜಾಸ್ತಿ ಇರೋರು ಹೀಗೇ ಇರ್ತಾರೆ ಅಂದುಕೊಂಡೆ. ಅಷ್ಟು ಪ್ರೀತಿ ನಾನೆಲ್ಲಿ ನೋಡಿದ್ದೆ, ಅಳತೆ ಗೊತ್ತಾಗೋಕೆ?

ಡಾಕ್ಟರ್ ಬರೆದುಕೊಟ್ಟ ಮಾತ್ರೆ ನಾನು ದಿನಾ ತಗೋಬೇಕು, ನನ್ನ ಮೈ ನನ್ನದಾಗಿ ಉಳಿಯೋದು ಅದರಿಂದ. ಆ ಡಬ್ಬಿಯನ್ನು ಅವನು ತನ್ನ ಸಾಮಾನಿನ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ. "ನೀನು ಮರೀತೀಯ, ನಾನೇ ಕೊಡ್ತೀನಿ." ಮೊದಮೊದಲು ಬೆಳಿಗ್ಗೆ ತಪ್ಪದೆ ಕೊಟ್ಟ. ಆಮೇಲೆ, ಎದುರು ಮಾತಾಡಿದ ದಿನ "ಇವತ್ತು ಇಲ್ಲ" ಅನ್ನುತ್ತಿದ್ದ. ಒಮ್ಮೆ ಹನ್ನೊಂದು ದಿನ ಕೊಡಲಿಲ್ಲ. ಒಂದು ಮಾತ್ರೆಗೆ ಅವನ ಹಿಂದೆ ಹಿಂದೆ ಅಲೆದೆ ಅಮ್ಮ, ಬೆಕ್ಕು ಅಲೆದ ಹಾಗೆ.

ಸಿಟ್ಟು ಬಂದರೆ ನೀನಿಟ್ಟ ಹಳೇ ಹೆಸರಿನಲ್ಲಿ ಕರೆಯುತ್ತಿದ್ದ. ಬಾಗಿಲು ತೆರೆದಿಟ್ಟುಕೊಂಡು, ಅಕ್ಕಪಕ್ಕದವರಿಗೆ ಕೇಳುವ ಹಾಗೆ. ಕಪಾಳಕ್ಕೆ ಹೊಡೆದ ಮೇಲೆ ಅಂದದ್ದು ಕೇಳು: "ಗಂಡಸಿಗೆ ಗಂಡಸು ಹೊಡೆದ್ರೆ ಅದು ಜಗಳ. ಯಾರ ಹತ್ರ ಹೋಗಿ ಏನಂತ ಹೇಳ್ತೀಯ?" ಹೊಡೆಯುವಾಗ ನಾನು ಗಂಡಸು, ಅಡಿಗೆ ತಡವಾದರೆ ಹೆಂಗಸು. ಅವನಿಗೆ ಹೇಗೆ ಬೇಕೋ ಹಾಗೆ. ಆಮೇಲೆ ತಾನೇ ಐಸ್ ತಂದು ಒತ್ತುತ್ತಿದ್ದ, ಅಳುತ್ತಿದ್ದ. "ನನ್ನ ಬಿಟ್ರೆ ನಿನ್ನಂಥೋಳನ್ನ ಯಾರು ಇಟ್ಕೋತಾರೆ?" ಅಂಗಡಿಯಲ್ಲಿ ನನ್ನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಹೊಸ್ತಿಲು ದಾಟಿದರೆ ಹೋಗಿ ಎಲ್ಲರಿಗೂ ಹೇಳ್ತೀನಿ ಅನ್ನುತ್ತಿದ್ದ. ಕೆಲಸ ಹೋದರೆ ಎಲ್ಲಿಗೆ ಹೋಗಲಿ?

ಯಾರಿಗೂ ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ನನ್ನಂಥ ಒಬ್ಬ ಗೆಳತಿಗೆ ಹೇಳಿದೆ. "ಸುಮ್ನಿರೇ. ನಮ್ಮನ್ನ ಕಂಡ್ರೆ ಮೊದಲೇ ಆಡ್ಕೋತಾರೆ. ನಮ್ಮ ಸಂಸಾರದಲ್ಲೂ ಹೀಗೇ ಅಂತ ಗೊತ್ತಾದ್ರೆ ಮುಗೀತು" ಅಂದಳು. ಅವಳ ತಪ್ಪಿಲ್ಲ. ಇಡೀ ಊರನ್ನು ಎದುರು ಹಾಕಿಕೊಂಡು ಕಟ್ಟಿಕೊಂಡ ಸಂಸಾರ ಅಮ್ಮ. ಅದು ಕೆಟ್ಟಿದೆ ಅಂತ ಅದೇ ಊರಿಗೆ ಹೇಗೆ ಹೇಳೋದು?

ಆಗಸ್ಟಿನಲ್ಲಿ, ಮಾತ್ರೆ ಪೆಟ್ಟಿಗೆಯ ಬೀಗದ ಕೈ ಹುಡುಕುತ್ತಿದ್ದಾಗ ಸಿಕ್ಕಿಬಿದ್ದೆ. ನನ್ನ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಹಾಕಿದ. ಮೂಳೆಯ ಸದ್ದು ನನಗೇ ಕೇಳಿಸಿತು.

ಆಸ್ಪತ್ರೆಯಲ್ಲಿ ಅವನು ಪಕ್ಕದಲ್ಲೇ ನಿಂತಿದ್ದ. ಬಿದ್ದೆ ಅಂದೆ. ಮಾರನೇ ದಿನ ಒಬ್ಬಳೇ ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದವನು ನನ್ನ ಗುರುತಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದು ಗಂಡ ಹೆಂಡ್ತಿ ಕೇಸಾ, ಗಂಡಸ್ರ ಹೊಡೆದಾಟಾನಾ? ಯಾವುದ್ರಲ್ಲಿ ಬರ್ಕೊಳ್ಳಲಿ ಹೇಳಿ" ಅಂದ. ಪಕ್ಕದವನು ನಕ್ಕ. ನಾನೂ ನಕ್ಕೆ, ನಾಚಿಕೆಗೆ. ಎದ್ದು ಬಂದೆ.

ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುವ ಅಕ್ಕ ಇದ್ದಾರೆ. ಐವತ್ತರ ಮೇಲೆ ವಯಸ್ಸು, ಮಾತು ಒರಟು. ಕನ್ನಡಕದ ಸ್ಕ್ರೂ ಸಾಸಿವೆಗಿಂತ ಸಣ್ಣದು, ಎಡಗೈಯಲ್ಲಿ ಕೂರಿಸಲಾಗದೆ ಹತ್ತು ಸಲ ಬೀಳಿಸಿದೆ. ಅವರು ಬಗ್ಗಿ ಎಲ್ಲ ಆರಿಸಿಕೊಟ್ಟು ಪಕ್ಕದಲ್ಲಿ ಕೂತರು. ಎಲ್ಲರೂ "ಏನಾಯ್ತು" ಅಂತ ಕೇಳಿದ್ದರು. ಅವರು ಕೇಳಿದ್ದು, "ಯಾರು?"

ಬಾಯಿ ಬಿಟ್ಟೆ. "ಅಕ್ಕಾ, ನಾನು ಹುಟ್ಟಿದ್ದು..." ಅಂತ ಶುರು ಮಾಡಿದೆ.

"ಗೊತ್ತು ಕಣೇ. ನೀನು ಕೆಲಸಕ್ಕೆ ಸೇರಿದ ವಾರದಿಂದ ಗೊತ್ತು. ಹುಟ್ಟಿದ್ದು ಹೆಂಗಾದ್ರೂ ಇರ್ಲಿ, ಹೊಡೆದೋನು ಯಾರು ಹೇಳು."

ವರ್ಷಕ್ಕೂ ಮೇಲೆ ಯಾವ ಗುಟ್ಟಿಗೆ ಹೆದರಿ ಏಟು ತಿಂದೆನೋ, ಅದು ಗುಟ್ಟೇ ಆಗಿರಲಿಲ್ಲ.

ಅವರು ಬೈಯಲಿಲ್ಲ, ಬಿಟ್ಟು ಬಾ ಅಂತ ಅವಸರವನ್ನೂ ಮಾಡಲಿಲ್ಲ. "ಹೊರಡ್ತೀನಿ ಅಂತ ಅವನಿಗೆ ಹೇಳ್ಬೇಡ. ಹೊರಡೋ ಹೊತ್ತಲ್ಲೇ ಇಂಥೋರು ಜಾಸ್ತಿ ಕೆಡ್ತಾರೆ" ಅಂದರು. ಅವರೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬಿದ್ದದ್ದಲ್ಲ ಅಂತ ಡಾಕ್ಟರ ಹತ್ತಿರ ಸರಿಯಾಗಿ ಬರೆಸಿದರು. ಹೊಸ ಮಾತ್ರೆ ಕೊಡಿಸಿ ತಮ್ಮ ಮೇಜಿನ ಖಾನೆಯಲ್ಲಿಟ್ಟರು. ಒಂಬತ್ತು ದಿನ ನನ್ನ ಕಾಗದ ಪತ್ರ, ಎರಡು ಜೊತೆ ಬಟ್ಟೆ, ಊಟದ ಚೀಲದಲ್ಲಿ ಒಂದೊಂದಾಗಿ ಅಂಗಡಿ ಸೇರಿದವು. ಹತ್ತನೇ ದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ, ತೊಳೆದ ಪಾತ್ರೆಗಳನ್ನು ಬೋರಲು ಹಾಕಿ ಬಾಗಿಲೆಳೆದುಕೊಂಡು ಬಂದೆ. ಪಾತ್ರೆ ಯಾಕೆ ತೊಳೆದೆ ಅಂತ ಕೌಂಟರ್ ಅಕ್ಕ ಇವತ್ತಿಗೂ ಬೈತಾರೆ.

ನಾಲ್ಕು ದಿನಕ್ಕೆ ಅಂಗಡಿಗೇ ಬಂದ. ಗಿರಾಕಿಗಳು ತುಂಬಿದ್ದರು. ಮೊದಲು ಮೆತ್ತಗೆ, "ಮನೆಗೆ ಬಾ" ಅಂದ. ನಾನು ಬರಲ್ಲ ಅಂದೆ. ಆಗ ಎಲ್ಲರ ಕಡೆ ತಿರುಗಿ, ನನ್ನ ಹಳೇ ಹೆಸರು ಹೇಳಿ, ನಾನು ಹೆಣ್ಣೇ ಅಲ್ಲ ಅಂತ ಕೂಗಿದ. ಮೂಲೆಯಲ್ಲಿ ಕೂತಿದ್ದ ಒಬ್ಬರು ಮುದುಕರು ಅವನನ್ನು ದಾಟಿ ನನ್ನನ್ನು ನೋಡಿ, "ನನ್ನ ಕನ್ನಡಕ ಆಯ್ತೇನಮ್ಮಾ?" ಅಂದರು. ಕೌಂಟರ್ ಅಕ್ಕ ಬಾಗಿಲು ತೆರೆದು ಹಿಡಿದು ಅವನಿಗೆ "ನಡಿ" ಅಂದರು. ಹೋದ.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅವತ್ತೇ ಇಬ್ಬರು ಗಿರಾಕಿಗಳು ಕೊಟ್ಟಿದ್ದ ಕನ್ನಡಕ ವಾಪಸ್ ಇಸ್ಕೊಂಡು ಹೋದರು. ಓನರಮ್ಮ ಕೆಲಸದಿಂದ ತೆಗೆಯಲಿಲ್ಲ, ಆದರೆ "ಸ್ವಲ್ಪ ದಿನ ಹಿಂದಿನ ಕೋಣೇಲೇ ಇರಮ್ಮ, ಮುಂದೆ ಬರ್ಬೇಡ" ಅಂದರು. ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಒಬ್ಬ ವಕೀಲರ ಜೊತೆ ಹೋದಾಗ ಠಾಣೆಯಲ್ಲಿ ದೂರು ಬರೆದುಕೊಂಡರು, ಹೊಡೆದಾಟ ಅಂತಲೇ. ಅವನು ಲಿಫ್ಟ್ ರಿಪೇರಿ ಮಾಡಿಕೊಂಡು ಆರಾಮಾಗಿದ್ದಾನೆ. ಈಗಲೂ ಎಲ್ಲರಿಗೂ ಒಳ್ಳೆಯವನೇ, ಅಂಗಡಿ ಕಟ್ಟಡದ ಕಾವಲುಗಾರ ನನ್ನ ಹತ್ತಿರವೇ ಅವನನ್ನು ಹೊಗಳುತ್ತಾನೆ.

ನಾನೀಗ ಕೌಂಟರ್ ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿದ್ದೇನೆ. ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಮಾತ್ರೆ ನಾನೇ ತಗೋತೀನಿ. ರಾತ್ರಿ ನಿದ್ದೆ ಬರುತ್ತೆ.

ಪುಟ್ಟಿಗೆ ಅವಳ ಅತ್ತೆಯ ಆಶೀರ್ವಾದ ಹೇಳು. ಚೆನ್ನಾಗಿ ಓದಲಿ, ತಲೆಯೆತ್ತಿ ಬಾಳಲಿ, ಯಾರ ಕೈಗೂ ತನ್ನ ಬೀಗದ ಕೈ ಕೊಡದಿರಲಿ. ತಮ್ಮನಿಗೂ ಅವನ ಹೆಂಡತಿಗೂ ಒಳ್ಳೆಯದಾಗಲಿ. ಥಂಡಿಯಲ್ಲಿ ಮಂಡಿಗೆ ಬಟ್ಟೆ ಸುತ್ತಿಕೋ. ನಿನ್ನ ಪಾದಕ್ಕೆ ನಮಸ್ಕಾರ.

ಇಂತಿ,
ನಿನ್ನ ಮಗಳು

ತಾ.ಕ.: ಇದನ್ನು ಬರೆಯಬಾರದು ಅಂತಲೇ ಸಹಿ ಹಾಕಿದ್ದೆ. ಅಮ್ಮ, ಮೇಲೆ ಬರೆದದ್ದರಲ್ಲಿ ನಿನಗೆ ಹೊಸದು ಹೆಚ್ಚೇನಿಲ್ಲ. ಹೋದ ವರ್ಷ ಜೂನ್‌ನಲ್ಲಿ, ಅವನು ಕಪಾಳಕ್ಕೆ ಹೊಡೆದ ಮಾರನೇ ದಿನ, ಅಂಗಡಿಯ ಮೆಟ್ಟಿಲ ಮೇಲೆ ಕೂತು ನಿನಗೆ ಫೋನ್ ಮಾಡಿದ್ದೆ. ಎಲ್ಲ ಹೇಳಿದ್ದೆ. ನೀನು "ಹೆಣ್ಣಾಗ್ಬೇಕು ಅಂತ ಹಟ ಹಿಡಿದವಳು ನೀನೇ. ನಿಮ್ಮಪ್ಪನ ಕೈಲಿ ನಾನು ತಿಂದಿಲ್ವಾ? ಹೆಣ್ಣು ಅಂದ್ಮೇಲೆ ಸಹಿಸ್ಕೊಂಡು ಹೋಗ್ಬೇಕು" ಅಂದು ಫೋನ್ ಇಟ್ಟೆ. ಹನ್ನೊಂದು ವರ್ಷದಿಂದ ನೀನು ನನ್ನನ್ನು ಮಗ ಅಂತಲೂ ಕರೆಯಲಿಲ್ಲ, ಮಗಳು ಅಂತಲೂ ಕರೆಯಲಿಲ್ಲ. ಅವತ್ತು ಮೊದಲ ಸಲ ನಿನ್ನ ಬಾಯಲ್ಲಿ "ಹಿಡಿದವಳು" ಅಂತ ಬಂತು. ನನಗೆ ಎಷ್ಟು ಸಂತೋಷ ಆಯಿತು ಅಂದರೆ, ಅಲ್ಲೇ ಕೂತು ಅತ್ತುಬಿಟ್ಟೆ. ಮುಖ ತೊಳೆದುಕೊಂಡು ಸಂಜೆ ಅವನ ಮನೆಗೆ ವಾಪಸ್ ಹೋದೆ. ಆ ಒಂದು ಮಾತಿಗೆ ಹದಿನಾಲ್ಕು ತಿಂಗಳು ಅಲ್ಲೇ ಇದ್ದೆ.