ನಲವತ್ತಾರನೇ ಕೊಕ್ಕೆ

ಸಮುದ್ರ ಕಾಣುವ ಕೋಣೆಯಿಂದ,
ಮಂಗಳವಾರ, ಹನ್ನೆರಡನೇ ತಾರೀಖು

ನನ್ನಕ್ಕನ ಒಬ್ಬಳೇ ಮಗಳಾದ ಗುಬ್ಬಚ್ಚಿಗೆ ಸೋದರಮಾವ ಮಾಡುವ ಆಶೀರ್ವಾದ.

ಈ ಪರದೇಶದ ಊರಿನವರು ಮೊನ್ನೆ ಗುಂಪು ಕಟ್ಟಿಕೊಂಡು ಬಂದು, ನಮ್ಮೂರಿಗೆ ನೀವೇ ಅಧ್ಯಕ್ಷರಾಗಬೇಕು ಎಂದು ನನ್ನ ಕಾಲು ಹಿಡಿದರು. ನಾನು ಒಪ್ಪಲಿಲ್ಲ. ಹಳ್ಳಿ ಶಾಲೆಯಲ್ಲಿ ಕಲಿಯುವುದನ್ನೆಲ್ಲ ಏಳನೇ ಕ್ಲಾಸಿಗೇ ಕಲಿತು ಮುಗಿಸಿದವನಿಗೆ ಅಧಿಕಾರದ ಆಸೆ ಎಲ್ಲಿಯದು? ಇಲ್ಲಿಯ ಸಮುದ್ರ ಬೆಳಿಗ್ಗೆ ಎದ್ದು ಮೊದಲು ನನಗೆ ನಮಸ್ಕಾರ ಹೇಳುತ್ತದೆ, ಆಮೇಲೆ ಉಳಿದವರಿಗೆ.

ಈ ಪತ್ರ ನಿನ್ನಮ್ಮನ ಕೈಗೆ ಸಿಗಬಾರದು. ನಿನ್ನ ಆಫೀಸಿಗೆ ಕೊರಿಯರ್ ಮಾಡುತ್ತಿರುವುದು ಅದಕ್ಕೇ. ಫೋನಿನಲ್ಲಿ ಹೇಳೋಣವೆಂದರೆ ನೀನು ಅವಳ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕುತ್ತೀಯ. ಅವಳೋ, ನನ್ನ ಉಸಿರು ಕೇಳಿದರೆ ಸಾಕು, "ಈ ಸಲ ಏನೋ ಎಡವಟ್ಟು ಮಾಡ್ಕೊಂಡೆ?" ಅನ್ನುತ್ತಾಳೆ.

ಮೊದಲು ನಾನು ಕೊಂಡ ಈ ಮನೆಯ ವಿಷಯ. ಮೂರು ತಿಂಗಳ ಹಿಂದೆ ದಲ್ಲಾಳಿ ನನ್ನನ್ನು ಇಲ್ಲಿಗೆ ಕರೆತಂದು ಅರವತ್ತು ಪುಟದ ಕಾಗದ ಮುಂದಿಟ್ಟ. ನಾನು ಕಾಗದ ಓದಲಿಲ್ಲ, ಬಾಗಿಲು ಓದಿದೆ. ನಲವತ್ತು ವರ್ಷ ಬಾಗಿಲು ಕಿಟಕಿ ಕೂರಿಸಿದ ಬಡಗಿಗೆ ಕಾಗದ ಸುಳ್ಳು ಹೇಳಬಹುದು, ಮರ ಹೇಳುವುದಿಲ್ಲ. ಒಂದೇ ಹಲಗೆಯ ಬಾಗಿಲು. ಒಂದು ಗಂಟಿಲ್ಲ, ಒಂದು ಬಿರುಕಿಲ್ಲ. ಕೀಲು ಮಾತ್ರ ವಿಚಿತ್ರವಾಗಿತ್ತು. ಮೂರೇ ವರ್ಷದ ಕೀಲು, ಇಪ್ಪತ್ತು ವರ್ಷದಷ್ಟು ಸವೆದಿತ್ತು. ನಾನು ಅದನ್ನು ಒಂದೇ ನೋಟಕ್ಕೆ ಹಿಡಿದೆ! ಹಿಡಿದು ಏನಂದುಕೊಂಡೆ ಎಂದರೆ, ನೆಂಟರಿಷ್ಟರು ದಿನವೂ ಬಂದು ಹೋಗುವ ಲಕ್ಷಣವಾದ ಮನೆ ಇದು ಎಂದು.

ಅಡುಗೆಮನೆಯ ಗೋಡೆಗೆ ಸಾಲಾಗಿ ಐವತ್ತೆರಡು ಕೊಕ್ಕೆ ಹೊಡೆದಿದ್ದರು, ಪ್ರತಿಯೊಂದಕ್ಕೂ ನಂಬರು. ಪಾಪ, ಹಿಂದಿನವರದು ದೊಡ್ಡ ಸಂಸಾರ ಎಂದೆ. ದಲ್ಲಾಳಿ ಕೆಮ್ಮಿ, "ನಲವತ್ತಾರನೇದು ನಿಮ್ದು ಸಾರ್" ಎಂದ. ಬಂದ ದಿನವೇ ನನ್ನ ಕೋಟಿಗೆ ಜಾಗ ಮಾಡಿಕೊಟ್ಟನಲ್ಲ ಎಂದು ಖುಷಿಯಾಗಿ ಅರವತ್ತು ಪುಟಕ್ಕೂ ಸಹಿ ಹಾಕಿದೆ. ಊರಿಗೆ ಬಂದು ಎಲ್ಲರಿಗೂ ಎರಡು ಲಕ್ಷಕ್ಕೆ ಹೊಡೆದುಕೊಂಡೆ ಎಂದೆ. ನೀನು ಮನೆಯವಳು, ನಿನಗೆ ಹೇಳಬಹುದು: ಐದು ಲಕ್ಷ.

ಹೋದ ವಾರ ಇಲ್ಲಿ ಬಂದಿಳಿದವನು ಆರು ದಿನವೂ ಸಮುದ್ರದ ಕಡೆಯ ಕಿಟಕಿಯ ಕೆಲಸವನ್ನೇ ಮಾಡಿದೆ. ಉಪ್ಪುಗಾಳಿಗೆ ಉಬ್ಬಿ ಕಚ್ಚಿಕೊಂಡಿತ್ತು. ಈಗ ಕಿರುಬೆರಳಲ್ಲಿ ದೂಡಿದರೆ ತೆರೆಯುತ್ತದೆ, ನಿನ್ನಮ್ಮನ ಕೀಲುನೋವಿನ ಕೈಗೂ ಆಗುತ್ತದೆ. ಅವಳು ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆಬಟ್ಟೆ ಇಸ್ತ್ರಿ ಮಾಡಿದಳು. ಆ ಕೋಣೆಗೆ ಒಂದು ಕಿಟಕಿ ಇಡೋಣವೆಂದು ನಾನು ಎರಡು ಸಲ ಹೋಗಿ ಗೋಡೆ ತಟ್ಟಿ ನೋಡಿದ್ದೆ. ನಾಲ್ಕು ಕಡೆಯೂ ಹಿಂದೆ ಬರೀ ಮಣ್ಣು. ಊರಿಗೆಲ್ಲ ಕಿಟಕಿ ಮಾಡಿಕೊಟ್ಟವನಿಗೆ ಸ್ವಂತ ಅಕ್ಕನಿಗೊಂದು ಮಾಡಿಕೊಡಲಾಗಲಿಲ್ಲ. ಅದಕ್ಕೇ ಅವಳು ನಿವೃತ್ತಳಾದ ದಿನ ಎಲ್ಲರೆದುರು ಎದ್ದು ನಿಂತು, "ಇನ್ನು ಸಾಯೋವರ್ಗೂ ಸಮುದ್ರ ನೋಡ್ಕೊಂಡು ಕೂತಿರು ಅಕ್ಕಾ" ಎಂದು ಘೋಷಿಸಿಬಿಟ್ಟದ್ದು.

ಈಗ ನೀನು ಕೂತಿದ್ದೀಯ ತಾನೇ? ನಿಂತಿದ್ದರೆ ಕೂತುಕೋ.

ನಿನ್ನೆ, ಎಂಟನೇ ದಿನ ಬೆಳಿಗ್ಗೆ, ಹಾಸಿಗೆಯಲ್ಲಿ ಹಾಯಾಗಿ ಮಲಗಿದ್ದೆ. ಒಬ್ಬ ದಪ್ಪ ಮನುಷ್ಯ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ನಾಲ್ಕು ಪೆಟ್ಟಿಗೆ, ಒಂದು ನಾಯಿ, ಎಲ್ಲ ನನ್ನ ಬಾಗಿಲನ್ನು ತಮ್ಮದೇ ಕೀಲಿಕೈಯಿಂದ ತೆರೆದುಕೊಂಡು ಒಳಗೆ ಬಂದವು. ಕಳ್ಳರು ಸಂಸಾರ ಸಮೇತ ಬರುವುದನ್ನು ನಾನು ಮೊದಲು ಕಂಡದ್ದು ಅಲ್ಲೇ. ಉಳಿ ಹಿಡಿದು ನಿಂತೆ. ಆ ಮನುಷ್ಯ ಬಸ್ ಡ್ರೈವರು, ಸಮಾಧಾನಿ. ತನ್ನ ಭಾಷೆಯಲ್ಲಿ ಫೋನಿಗೆ ಏನೋ ಹೇಳಿದ. ಫೋನು ನಮ್ಮ ಭಾಷೆಯಲ್ಲಿ, "ಮಾನ್ಯರೇ, ತಮ್ಮ ವಾರವು ಮುಗಿದಿರುತ್ತದೆ. ದಯಮಾಡಿ ನಮ್ಮ ಹಾಸಿಗೆಯಿಂದ ಏಳತಕ್ಕದ್ದು" ಎಂದಿತು. ಆಮೇಲೆ ಅವನು ಸೀದಾ ಅಡುಗೆಮನೆಗೆ ಹೋಗಿ ನಲವತ್ತೇಳನೇ ಕೊಕ್ಕೆಗೆ ಕೀಲಿಕೈ ನೇತುಹಾಕಿದ.

ವರ್ಷಕ್ಕೆ ಐವತ್ತೆರಡು ವಾರ, ಗುಬ್ಬಚ್ಚಿ. ಮನೆ ಐವತ್ತೆರಡು ಜನರದು. ನಾನು ಕೊಂಡದ್ದು ಒಂದು ವಾರ. ಅದೂ ಚಳಿಗಾಳಿಗೆ ಅಂಗಡಿಗಳೆಲ್ಲ ಬಾಗಿಲು ಹಾಕುವ ವಾರ.

ಆದ್ದರಿಂದ ಮೇಲೆ ಬರೆದ ವಿಳಾಸ ಸ್ವಲ್ಪ ತಿದ್ದಿಕೋ. ನಾನು ಕೂತಿರುವುದು ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ. ಎದುರಿಗೆ ಎರಡು ಕಸಬರಿಕೆ, ಪಕ್ಕದಲ್ಲಿ ನಾಯಿ. ಡ್ರೈವರ್ ಒಳ್ಳೆಯವನು; ಮುಂಬಾಗಿಲಿನ ಕೀಲು ಬದಲಿಸಿಕೊಟ್ಟೆ, ಈ ವಾರ ಇಲ್ಲೇ ಮಲಗು ಎಂದ. ಸಂಜೆ ಅವನ ಹೆಂಡತಿ ನನ್ನನ್ನು ಎರಡು ಬೀದಿ ಆಚೆ ಗಡಿಯಾರ ರಿಪೇರಿಯ ಅಜ್ಜಿಯ ಅಂಗಡಿಗೆ ಕಳಿಸಿದಳು, ಅಲ್ಲೂ ಬಾಗಿಲು ಕಚ್ಚುತ್ತದೆ ಎಂದು. ಆ ಅಜ್ಜಿಯ ಬಳಿ ನಲವತ್ತೆಂಟನೇ ವಾರವೂ ಇದೆ, ನಲವತ್ತೊಂಬತ್ತನೆಯದೂ ಇದೆ. ಇದೇ ಊರಿನವಳಿಗೆ ಅವು ಯಾತಕ್ಕೆ ಎಂದು ಕೇಳಿದೆ. ಅವಳು ಭೂತಗನ್ನಡಿ ತೆಗೆದು ನನ್ನನ್ನೇ ನೋಡಿದಳು. ಫೋನು, "ನಾನೂ ಸಹ ಕಾಗದವನ್ನು ಓದಿರಲಿಲ್ಲ" ಎಂದಿತು. ಇಬ್ಬರೂ ಅರ್ಧ ಗಂಟೆ ನಕ್ಕೆವು. ನಗುವುದಕ್ಕೆ ಫೋನು ಬೇಕಾಗಲಿಲ್ಲ.

ಅಂಗಡಿಯ ಮೂರು ಬಾಗಿಲು, ಒಂದು ಗಾಜಿನ ಕಪಾಟು ಸರಿಮಾಡಿಕೊಟ್ಟರೆ ಈ ವರ್ಷದ ಎರಡು ವಾರವೂ ನನಗೆ. ಎರಡು ಬಾಗಿಲು ಮುಗಿದಿವೆ. ಅಕ್ಕ ಹದಿನೆಂಟನೇ ತಾರೀಖು ಬಂದು ಇಳಿಯುವ ಹೊತ್ತಿಗೆ ಕೋಣೆಯೂ ಅವಳದು, ಕಿಟಕಿಯೂ ಅವಳದು.

ಆದರೆ ಹದಿನಾಲ್ಕೇ ದಿನ. ಅವಳು ಇನ್ನು ಸಾಯುವವರೆಗೂ ಎಂದು ತಿಳಿದು, ತಿಂಗಳ ಕೊನೆಗೆ ಬಾಡಿಗೆ ಮನೆ ಬಿಡುತ್ತೇನೆಂದು ಮಾಲೀಕರಿಗೆ ಹೇಳುವವಳಿದ್ದಾಳೆ. ಹೇಳಿಬಿಟ್ಟರೆ ಆ ಮನೆಯೂ ಇಲ್ಲ, ಈ ಮನೆಯೂ ಇಲ್ಲ. ಹೇಗಾದರೂ ತಡೆ. ಸುಣ್ಣ ಹೊಡೆಸುತ್ತಿದ್ದಾರೆ ಅನ್ನು, ಮಾಲೀಕರು ಊರಲ್ಲಿಲ್ಲ ಅನ್ನು. ಸುಳ್ಳು ಹೇಳಲು ಬರದಿದ್ದರೆ ನಿನ್ನ ಮಾವನನ್ನು ನೆನೆದುಕೋ, ತಾನಾಗಿ ಬರುತ್ತದೆ. ನಿಜವನ್ನು ಆ ಕಿಟಕಿಯ ಮುಂದೆ ಅವಳನ್ನು ಕೂರಿಸಿ ನಾನೇ ಹೇಳುತ್ತೇನೆ.

ಇಂತಿ,
ಐವತ್ತೆರಡರಲ್ಲಿ ಒಂದು ಪಾಲು ಮನೆಯ ಯಜಮಾನ,
ನಿನ್ನ ಸೋದರಮಾವ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ನಿನ್ನಮ್ಮನ ಫೋನು ಬಂತು. "ಏಳು ದಿನಕ್ಕೆ ಎಷ್ಟು ಜೊತೆ ಬಟ್ಟೆ ಬೇಕಾಗುತ್ತೋ? ಅಲ್ಲಿ ಚಳಿಯಂತೆ" ಎಂದಳು. ಏಳು ಅಂತ ಯಾರು ಹೇಳಿದ್ದು ಎಂದರೆ, ನಾನು ಜಂಬಕ್ಕೆ ಕಳಿಸಿದ ಕಾಗದದ ನಕಲನ್ನು ನೀನು ಆ ದಿನವೇ ಓದಿ ಹೇಳಿದ್ದೀಯಂತೆ! ವರ್ಷಕ್ಕೆ ಏಳು ದಿನ ಎಂದಷ್ಟೇ ಅದರಲ್ಲಿತ್ತಂತೆ; ಯಾವ ಏಳು ಎಂಬುದು ಕೊಕ್ಕೆಗೆ ಮಾತ್ರ ಗೊತ್ತು. ಬಾಡಿಗೆ ಮನೆ ಬಿಡುವ ಮಾತನ್ನು ನನ್ನ ಸಮಾಧಾನಕ್ಕೆ ಆಡಿದ್ದಳಂತೆ. "ನನ್ಗೆ ಒಂದು ದಿನ ಕಿಟಕಿ ಸಿಕ್ರೂ ಸಾಕಾಗಿತ್ತು ಕಣೋ, ಪೆದ್ದಾ" ಎಂದಳು. ಹದಿನಾಲ್ಕು ದಿನ ಎಂದು ಕಿರುಚಿದೆ, ನಾಯಿ ಬೊಗಳಿತು. ಮೂರು ತಿಂಗಳು ತಾಯಿ ಮಗಳು ಬಾಯಿ ಮುಚ್ಚಿಕೊಂಡಿದ್ದೀರಿ, ಅಂಥವರ ಹತ್ತಿರ ನಾನೊಬ್ಬ ಯಾಕೆ ಮುಚ್ಚಿಡಲಿ? ಐದು ಲಕ್ಷ ಅಲ್ಲ. ಹನ್ನೊಂದು ಲಕ್ಷ ನಲವತ್ತು ಸಾವಿರ. ಕೊಕ್ಕೆ ಮಾತ್ರ ಗಟ್ಟಿಯಾಗಿದೆ.